ನಿಮಗಿದು ಗೊತ್ತೇ? ಚಾವಡಿಗೆ ಬಂದ ಒಲೆ!

ಪುತ್ತೂರು, ಸುಳ್ಯ, ಕಡಬದ ಕಡೆ ನೀವೂ ಇದನ್ನು ನೋಡಿರಬಹುದು. ಚಾವಡಿಯಲ್ಲಿ ಹತ್ತು ಹನ್ನೆರಡು ಮಂದಿ ಕೂತಿದ್ದಾರೆ. ಎದುರಿಗೊಂದು ಮೇಜು, ಮೇಜಿನ ಮೇಲೆ ಒಲೆ, ಒಲೆಯ ಮೇಲೆ ಥಳಥಳ ಹೊಳೆಯುವ ಹೊಸ ಪಾತ್ರೆ. ಒಬ್ಬರು ಅಡುಗೆ ಮಾಡಿ ತೋರಿಸುತ್ತಾರೆ. ಉಳಿದವರು ಕತ್ತು ಉದ್ದ ಮಾಡಿ ನೋಡುತ್ತಾರೆ. ಕೊನೆಗೆ ಎಲ್ಲರ ಕೈಗೂ ಒಂದೊಂದು ಚಮಚ ರುಚಿ!

ಇದಕ್ಕೆ ಎಲ್ಲರೂ ಹೇಳುವ ಹೆಸರು ‘ಡೆಮೊ’. ಈ ಪುಟ್ಟ ಕೂಟದ ಹಿಂದೆ ಎಷ್ಟು ಸೋಜಿಗ ಅಡಗಿದೆ ಗೊತ್ತೇ? ಬನ್ನಿ, ಒಂದೊಂದಾಗಿ ಮುಚ್ಚಳ ತೆಗೆಯೋಣ!

ಮೊದಲ ಡೆಮೊ ಯಾವಾಗ?

ಪ್ರೆಷರ್ ಕುಕ್ಕರಿನ ಅಜ್ಜ ಹುಟ್ಟಿದ್ದು 1679ರಲ್ಲಿ! ಮಾಡಿದವರು ಫ್ರಾನ್ಸಿನ ದೆನಿ ಪಾಪಿನ್. ಆಗ ಶಿವಾಜಿ ಮಹಾರಾಜರು ಇನ್ನೂ ಬದುಕಿದ್ದರು. ಕುಕ್ಕರ್ ಅಷ್ಟು ಹಳೆಯದು!

ಪಾಪಿನ್ ಅದನ್ನು ಅಂಗಡಿಯಲ್ಲಿಟ್ಟು ಕೂರಲಿಲ್ಲ. 1682ರ ಏಪ್ರಿಲ್ 12ರಂದು ಲಂಡನ್ನಿನ ರಾಯಲ್ ಸೊಸೈಟಿಯ ವಿಜ್ಞಾನಿಗಳಿಗೆ ಆ ಪಾತ್ರೆಯಲ್ಲೇ ಬೇಯಿಸಿದ ಊಟ ಬಡಿಸಲಾಯಿತು. ಮೀನು, ಮಾಂಸ ಎಲ್ಲವೂ ಅದರಲ್ಲೇ ಬೆಂದಿದ್ದವು. ವಿಜ್ಞಾನಿಗಳಿಗೇ ಪಾತ್ರೆಯ ಡೆಮೊ!

ಆ ಊಟಕ್ಕೆ ಹೋದವರಲ್ಲಿ ಜಾನ್ ಎವೆಲಿನ್ ಒಬ್ಬರು. ಅವರು ದಿನಚರಿಯಲ್ಲಿ ಎಲ್ಲವನ್ನೂ ಬರೆದಿಟ್ಟರು. ಗಟ್ಟಿ ಮೂಳೆಗಳು ಗಿಣ್ಣಿನಷ್ಟು ಮೆತ್ತಗಾಗಿದ್ದವಂತೆ. ಅದಕ್ಕೆ ಉರಿದ ಕಲ್ಲಿದ್ದಲು ಕಾಲು ಕಿಲೋಕ್ಕಿಂತಲೂ ಕಡಿಮೆ!

ಕುಕ್ಕರಿನ ತಲೆಯ ಮೇಲೆ ಕೂರುವ ವಿಸಿಲ್ ಇದೆಯಲ್ಲ? ಹೆಚ್ಚಾದ ಹಬೆಯನ್ನು ಹೊರಗೆ ಬಿಡುವ ಆ ಉಪಾಯವೂ ಪಾಪಿನ್ ಅವರದೇ. ಮುಂದೆ ಹಬೆ ಯಂತ್ರಗಳನ್ನು ಸಿಡಿಯದಂತೆ ಕಾಪಾಡಿದ್ದೂ ಅದೇ ಉಪಾಯ. ಅಡುಗೆಮನೆಯಿಂದ ರೈಲಿನ ಎಂಜಿನ್ನಿಗೆ ಜಿಗಿತ!

ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಆಮೇಲೆ ಎಷ್ಟೇ ಸೌದೆ ತುರುಕಿ, ಬಿಸಿ ಏರುವುದಿಲ್ಲ. ಕುಕ್ಕರಿನೊಳಗೆ ಅದೇ ನೀರು ಸುಮಾರು 120 ಡಿಗ್ರಿ ಮುಟ್ಟುತ್ತದೆ. ಬರೀ 20 ಡಿಗ್ರಿ ಹೆಚ್ಚು. ಗಂಟೆಯ ಕೆಲಸ ನಿಮಿಷಗಳಲ್ಲಿ ಮುಗಿಯಿತು!

ನಮ್ಮ ದೇಶದಲ್ಲೂ ಒಬ್ಬ ಪಾಪಿನ್ ಇದ್ದರು. ಕೋಲ್ಕತ್ತದ ಡಾ. ಇಂದುಮಾಧವ ಮಲ್ಲಿಕ್. 1910ರಲ್ಲಿ ಅವರು ‘ಇಕ್ಮಿಕ್ ಕುಕ್ಕರ್’ ಮಾಡಿದರು. ಒಂದರ ಮೇಲೊಂದು ಡಬ್ಬಿ, ಕೆಳಗೆ ಕೆಂಡ. ಅನ್ನ, ಬೇಳೆ, ಪಲ್ಯ ಎಲ್ಲವೂ ಒಂದೇ ಹಬೆಗೆ ಸಿದ್ಧ!

ಪಾತ್ರೆ ಮನೆಗೆ ಬಂದದ್ದು ಹೇಗೆ?

ಅಲ್ಯೂಮಿನಿಯಂ ಒಂದು ಕಾಲದಲ್ಲಿ ರಾಜರ ಲೋಹವಾಗಿತ್ತು ಎಂದರೆ ನಂಬುತ್ತೀರಾ? 1884ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಮಾರಕದ ತುತ್ತತುದಿಗೆ ಕೂರಿಸಿದ್ದು ಚಿನ್ನವನ್ನಲ್ಲ, ಅಲ್ಯೂಮಿನಿಯಂ ತುಂಡನ್ನು. ತೂಕ ಮೂರು ಕಿಲೋಕ್ಕಿಂತ ಕಡಿಮೆ. ಆಗ ಅದೇ ದೊಡ್ಡ ವೈಭವ!

ಎರಡೇ ವರ್ಷದಲ್ಲಿ ಅದು ಅಗ್ಗವಾಗುವ ದಾರಿ ತೆರೆಯಿತು. 1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಎರೂ ಒಬ್ಬರಿಗೊಬ್ಬರು ತಿಳಿಯದೆ ಅದನ್ನು ತೆಗೆಯುವ ಒಂದೇ ದಾರಿ ಕಂಡುಹಿಡಿದರು. ಇಬ್ಬರೂ ಹುಟ್ಟಿದ್ದು 1863ರಲ್ಲಿ. ಇಬ್ಬರೂ ತೀರಿಕೊಂಡದ್ದು 1914ರಲ್ಲಿ. ಎಂಥ ಕಾಕತಾಳೀಯ!

ಲೋಹ ಅಗ್ಗವಾಯಿತು, ಆದರೆ ಜನ ನಂಬಲಿಲ್ಲ. ಇಷ್ಟು ಹಗುರದ ಪಾತ್ರೆ ಬಾಳುತ್ತದೆಯೇ ಎಂಬ ಅನುಮಾನ. ಆಗ ಅಮೆರಿಕದ ‘ವೇರ್-ಎವರ್’ ಪಾತ್ರೆ ಕಂಪನಿ ಕಾಲೇಜು ಹುಡುಗರನ್ನು ಮನೆಮನೆಗೆ ಕಳಿಸಿತು. ಹುಡುಗರು ಆ ಮನೆಯ ಒಲೆಯ ಮೇಲೇ ಅಡುಗೆ ಮಾಡಿ ತೋರಿಸಿದರು. ಮಾತಿಗೆ ಬಗ್ಗದ ಅನುಮಾನ ರುಚಿಗೆ ಬಗ್ಗಿತು!

ಒಂದೊಂದೇ ಮನೆಗೆ ಹೋಗುವ ಬದಲು ಹತ್ತು ಮನೆಯವರನ್ನು ಒಂದೇ ಮನೆಗೆ ಕರೆದರೆ ಹೇಗೆ? ಈ ಸರಳ ಯೋಚನೆಯಿಂದ ಹುಟ್ಟಿದ್ದೇ ಪಾತ್ರೆಗಳ ಪಾರ್ಟಿ. ಜಾಗ ಕೊಟ್ಟ ಮನೆಯೊಡತಿಗೆ ಒಂದು ಉಡುಗೊರೆ. ಇವತ್ತಿಗೂ ನಮ್ಮೂರ ಡೆಮೊಗಳಲ್ಲಿ ಅದೇ ಕ್ರಮ!

ಪಾರ್ಟಿಗಳ ರಾಣಿ ಯಾರು ಗೊತ್ತೇ? ಅಮೆರಿಕದ ಬ್ರೌನಿ ವೈಸ್. ಮಗನನ್ನು ಒಬ್ಬರೇ ಸಾಕುತ್ತಿದ್ದ ತಾಯಿ. ಟಪ್ಪರ್‌ವೇರ್ ಬಟ್ಟಲಿಗೆ ದ್ರವ ತುಂಬಿ, ಮುಚ್ಚಳ ಒತ್ತಿ, ಅತಿಥಿಗಳ ನಡುವೆಯೇ ಎಸೆದುಬಿಡುತ್ತಿದ್ದರು. ಒಂದು ತೊಟ್ಟೂ ಚೆಲ್ಲುತ್ತಿರಲಿಲ್ಲ!

ಅವರ ಕೂಟಗಳು ಎಷ್ಟು ಗೆದ್ದವೆಂದರೆ, 1951ರಲ್ಲಿ ಕಂಪನಿ ಅಂಗಡಿಗಳಿಂದಲೇ ಮಾಲು ವಾಪಸು ತೆಗೆಯಿತು. ಇನ್ನು ಮಾರಾಟ ಮನೆಗಳಲ್ಲಿ ಮಾತ್ರ! 1954ರಲ್ಲಿ ‘ಬಿಸಿನೆಸ್ ವೀಕ್’ ಪತ್ರಿಕೆಯ ಮುಖಪುಟದಲ್ಲಿ ಬ್ರೌನಿ ವೈಸ್. ಆ ಮುಖಪುಟಕ್ಕೆ ಬಂದ ಮೊದಲ ಮಹಿಳೆ ಅವರೇ!

ಆ ಡಬ್ಬಿಗಳು ಭಾರತಕ್ಕೆ ಬಂದದ್ದು 1996ರಲ್ಲಿ. ಇಲ್ಲೂ ಮಾರಿದವರು ಹೆಂಗಸರೇ, ಮಾರಿದ್ದೂ ಮನೆಗಳಲ್ಲೇ. ಅಂಗಡಿಯ ಹಂಗಿಲ್ಲದೆ ಡಬ್ಬಿ ಊರೂರು ಸುತ್ತಿತು!

ಮಿಕ್ಸಿಯ ಕಥೆ ಇನ್ನೂ ಚೆಂದ. 1960ರ ದಶಕ. ಮುಂಬಯಿಯ ಮಾಧುರಿ ಮಾಥುರ್ ಅವರ ಮನೆಯಲ್ಲಿದ್ದ ಜರ್ಮನಿಯ ಮಿಕ್ಸರ್ ನಮ್ಮ ಅರೆತಕ್ಕೆ ಸೋತು ಸುಟ್ಟುಹೋಯಿತು. ಎಂಜಿನಿಯರ್ ಪತಿ ಸತ್ಯಪ್ರಕಾಶ್ ಮಾಥುರ್ ನಮ್ಮ ಅಡುಗೆಗೆ ತಕ್ಕ ಯಂತ್ರವನ್ನೇ ಕಟ್ಟಿದರು. ಅದೇ ಸುಮೀತ್ ಮಿಕ್ಸಿ!

ಡೆಮೊದ ಗುಟ್ಟುಗಳು

ಸ್ಟೀಲ್ ಪಾತ್ರೆಯ ಡೆಮೊದಲ್ಲಿ ಮೊದಲು ಏನು ಮಾಡುತ್ತಾರೆ? ಬಿಸಿ ಬಾಣಲೆಗೆ ನಾಲ್ಕು ಹನಿ ನೀರು ಚಿಮುಕಿಸುತ್ತಾರೆ. ನೀರು ಆವಿಯಾಗಿ ಮಾಯವಾಗುವುದಿಲ್ಲ. ಮುತ್ತಿನಂತೆ ಉರುಟಾಗಿ ಓಡಾಡುತ್ತದೆ! ಹನಿಯ ಅಡಿಯಲ್ಲೇ ಹಬೆಯ ತೆಳು ಹಾಸಿಗೆ ಹುಟ್ಟಿ ಅದನ್ನು ಮೇಲೆತ್ತುತ್ತದೆ. ನೀರಿನ ಹನಿ ಗಾಳಿಯಲ್ಲಿ ತೇಲುತ್ತಿರುತ್ತದೆ!

ಇದನ್ನು 1756ರಲ್ಲೇ ಬರೆದಿಟ್ಟವರು ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್. ಅವರು ಹನಿ ಬಿಟ್ಟದ್ದು ಕಾದ ಕಬ್ಬಿಣದ ಸೌಟಿಗೆ. ನಮ್ಮ ಅಮ್ಮಂದಿರು ದೋಸೆ ಕಾವಲಿಗೆ ನೀರು ಚಿಮುಕಿಸಿ ನೋಡುವುದೂ ಅದೇ ಪರೀಕ್ಷೆ. ಹೆಸರು ಗೊತ್ತಿಲ್ಲದಿದ್ದರೂ ವಿಜ್ಞಾನ ಕೈಯಲ್ಲೇ ಇತ್ತು!

ನೀರೇ ಹಾಕದೆ ಬೂದುಗುಂಬಳ ಬೇಯಿಸಿ ತೋರಿಸುತ್ತಾರಲ್ಲ, ಅದು ಮಾಯೆಯೇ? ಅಲ್ಲವೇ ಅಲ್ಲ. ಬೂದುಗುಂಬಳದ ನೂರು ಪಾಲಿನಲ್ಲಿ ಸುಮಾರು 95 ಪಾಲು ನೀರೇ! ಮುಚ್ಚಳ ಬಿಗಿಯಾಗಿದ್ದು ಉರಿ ಸಣ್ಣದಿದ್ದರೆ ತರಕಾರಿ ತನ್ನ ನೀರಿನಲ್ಲೇ ಬೇಯುತ್ತದೆ.

ಸ್ಟೀಲ್ ಪಾತ್ರೆಯ ತಳ ದಪ್ಪ ಯಾಕೆ? ಸ್ಟೀಲಿಗೆ ಬಿಸಿ ಹರಡುವುದು ಬರುವುದಿಲ್ಲ. ಅಲ್ಯೂಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಹರಡುತ್ತದೆ. ಆದ್ದರಿಂದ ಎರಡು ಸ್ಟೀಲ್ ಪದರಗಳ ನಡುವೆ ಅಲ್ಯೂಮಿನಿಯಂ ಕೂರಿಸುತ್ತಾರೆ. ಹೂರಣ ತುಂಬಿದ ಹೋಳಿಗೆಯ ಹಾಗೆ!

ಆ ತುಕ್ಕು ಹಿಡಿಯದ ಸ್ಟೀಲ್ ಸಿಕ್ಕಿದ್ದು ಬಂದೂಕಿನ ಹುಡುಕಾಟದಲ್ಲಿ! 1913ರಲ್ಲಿ ಇಂಗ್ಲೆಂಡಿನ ಹ್ಯಾರಿ ಬ್ರಿಯರ್ಲಿ ಸವೆಯದ ಬಂದೂಕಿನ ನಳಿಗೆಗೆ ಲೋಹ ಹುಡುಕುತ್ತಿದ್ದರು. ಕ್ರೋಮಿಯಂ ಬೆರೆತ ಉಕ್ಕು ಹುಳಿಗೂ ಜಗ್ಗಲಿಲ್ಲ. ನಮ್ಮ ಹುಣಸೆ ಸಾರಿಗೆ ಅದೃಷ್ಟ ಖುಲಾಯಿಸಿತು!

ನಾನ್‌ಸ್ಟಿಕ್ ಲೇಪ ಸಿಕ್ಕಿದ್ದಂತೂ ಪೂರಾ ಆಕಸ್ಮಿಕ. 1938ರ ಏಪ್ರಿಲ್ 6. ಅಮೆರಿಕದ ರಾಯ್ ಪ್ಲಂಕೆಟ್ ಗ್ಯಾಸ್ ಸಿಲಿಂಡರ್ ತೆರೆದರು. ಗ್ಯಾಸ್ ಬರಲಿಲ್ಲ. ಒಳಗೆ ನೋಡಿದರೆ ಬಿಳಿ ಹುಡಿ. ಅದೇ ಟೆಫ್ಲಾನ್!

ಅದು ಬಾಣಲೆ ಏರಿದ್ದು ಒಬ್ಬ ಹೆಂಡತಿಯ ಮಾತಿನಿಂದ. ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಅದನ್ನು ಮೀನು ಹಿಡಿಯುವ ಸಾಮಾನಿಗೆ ಬಳಿಯುತ್ತಿದ್ದರು. ಪತ್ನಿ ಕೊಲೆಟ್, ‘ನನ್ನ ಬಾಣಲೆಗೂ ಬಳಿದು ಕೊಡಿ’ ಎಂಬರ್ಥದ ಮಾತು ಹೇಳಿದರಂತೆ. 1954ರಲ್ಲಿ ನಾನ್‌ಸ್ಟಿಕ್ ಬಾಣಲೆ ಹುಟ್ಟಿತು!

ನಮ್ಮೂರ ನಾನ್‌ಸ್ಟಿಕ್

ಆದರೆ ನಿಲ್ಲಿ! ನಮ್ಮ ಊರಲ್ಲಿ ನಾನ್‌ಸ್ಟಿಕ್ ಅದಕ್ಕೂ ಎಷ್ಟೋ ಹಿಂದೆ ಇತ್ತು. ಅದು ಮಣ್ಣಿನ ಓಡು. ಅದರ ಮೇಲೆ ಎರೆಯುವ ದೋಸೆಯೇ ಓಡುದೋಸೆ. ಹವ್ಯಕರ ಮನೆಗಳಲ್ಲಿ ಅದು ಓಡುಪ್ಪಾಳೆ. ಪಳಗಿದ ಓಡಿನಿಂದ ದೋಸೆ ತಾನಾಗಿ ಎದ್ದು ಬರುತ್ತದೆ!

ಓಡಿನ ಗುಟ್ಟು ಅದರ ಸಣ್ಣ ಸಣ್ಣ ರಂಧ್ರಗಳಲ್ಲಿದೆ. ಅವು ಎಣ್ಣೆ ಕುಡಿದು ಕುಡಿದು ನುಣುಪಾಗುತ್ತವೆ. ಹೊಸ ಓಡಿಗಿಂತ ಅಜ್ಜಿಯ ಓಡಿಗೇ ಬೆಲೆ ಹೆಚ್ಚು!

ನೀರುದೋಸೆಯ ತೂತುಗಳು ಎಲ್ಲಿಂದ ಬರುತ್ತವೆ? ಹಿಟ್ಟು ಹುಳಿ ಬಂದಿಲ್ಲ, ಸೋಡಾ ಹಾಕಿಲ್ಲ. ಅಕ್ಕಿ, ಉಪ್ಪು, ನೀರು ಅಷ್ಟೇ. ಕಾದ ಕಾವಲಿ ಮುಟ್ಟಿದೊಡನೆ ನೀರು ಹಬೆಯಾಗಿ ಸಿಡಿದು ದಾರಿ ಮಾಡಿಕೊಳ್ಳುತ್ತದೆ. ಒಂದೊಂದು ತೂತೂ ಹಬೆ ಹೊರಟ ಬಾಗಿಲು!

ಎಲೆಯೂ ಇಲ್ಲಿ ಪಾತ್ರೆಯೇ. ಮುಂಡೇವಿನ ಎಲೆ ಸುತ್ತಿದರೆ ಮೂಡೆ. ಹಲಸಿನ ಎಲೆ ಹೆಣೆದರೆ ಕೊಟ್ಟಿಗೆ. ಅರಸಿನ ಎಲೆ ಮಡಚಿದರೆ ಗಟ್ಟಿ. ತೊಳೆಯುವ ಕೆಲಸವೇ ಇಲ್ಲ!

ಹಲಸಿನ ಹಣ್ಣಿನ ಗಟ್ಟಿಯನ್ನು ತೇಗದ ಎಲೆಯಲ್ಲಿ ಬೇಯಿಸಿ ನೋಡಿದ್ದೀರಾ? ಎಲೆ ನೋಡಲು ಹಸಿರು. ಬೆಂದ ಮೇಲೆ ಬಿಡಿಸಿದರೆ ಗಟ್ಟಿಗೆ ಕೆಂಪು ಬಣ್ಣ! ಎಳೆ ತೇಗದ ಎಲೆಯನ್ನು ಅಂಗೈಯಲ್ಲಿ ತಿಕ್ಕಿ ನೋಡಿ. ಅಂಗೈಯೂ ಕೆಂಪು!

ಹಬೆ ನೋಡಲು ಮೆತ್ತಗೆ, ಶಕ್ತಿಯಲ್ಲಿ ಭೀಮ. ಒಂದು ಕಿಲೋ ನೀರನ್ನು ಹಬೆ ಮಾಡಲು ಬೇಕಾದ ಶಾಖ, ಅದನ್ನು ಸೊನ್ನೆಯಿಂದ 100 ಡಿಗ್ರಿಗೆ ಏರಿಸುವ ಶಾಖದ ಐದು ಪಟ್ಟಿಗಿಂತ ಹೆಚ್ಚು. ಅಟ್ಟಿನಳಗೆಯಲ್ಲಿ ಕಡುಬು ಮುಟ್ಟಿದೊಡನೆ ಹಬೆ ಅಷ್ಟನ್ನೂ ಕೊಟ್ಟುಬಿಡುತ್ತದೆ. ಮುಚ್ಚಳ ತೆಗೆಯುವಾಗ ಕೈ ಜೋಪಾನ!

ಪತ್ರೊಡೆಯ ಕೆಸು ಗಂಟಲು ತುರಿಸುವುದು ಯಾಕೆ? ಎಲೆಯೊಳಗೆ ಸೂಜಿಯಂಥ ಹರಳುಗಳಿವೆ. ಕ್ಯಾಲ್ಸಿಯಂ ಆಕ್ಸಲೇಟ್ ಅವುಗಳ ಹೆಸರು. ಅದಕ್ಕೇ ನಮ್ಮ ಹಿರಿಯರು ಹುಣಸೆಹುಳಿ ಧಾರಾಳ ಹಾಕಿ, ಹದವಾಗಿ ಬೇಯಿಸಿದರು. ತುರಿಕೆಯ ಎಲೆ ಹಬ್ಬದ ತಿಂಡಿಯಾಯಿತು!

ಅದೇ ಪತ್ರೊಡೆ 2021ರಲ್ಲಿ ದೆಹಲಿಗೂ ಮುಟ್ಟಿತು. ಕೇಂದ್ರದ ಆಯುಷ್ ಸಚಿವಾಲಯದ ಸಾಂಪ್ರದಾಯಿಕ ಆಹಾರಗಳ ಪಟ್ಟಿಯಲ್ಲಿ ಅದರ ಹೆಸರೂ ಇದೆ. ಮಳೆಗಾಲದ ತಿಂಡಿಗೆ ಸರಕಾರದ ಮುದ್ರೆ!

ಸೇಮಿಗೆ ಒತ್ತುವುದು ಎಂದಿಗೂ ಒಬ್ಬರ ಕೆಲಸವಾಗಿರಲಿಲ್ಲ. ಒಬ್ಬರು ಒತ್ತಬೇಕು, ಇನ್ನೊಬ್ಬರು ಅಡಿಯಲ್ಲಿ ಬಾಳೆಲೆ ತಿರುಗಿಸಬೇಕು. ನಾಲ್ಕು ಕೈ ಸೇರಿದರೆ ಮಾತ್ರ ಸೇಮಿಗೆ! ಸುಳ್ಯದ ಗಡಿ ದಾಟಿ ಕೊಡಗಿಗೆ ಕಾಲಿಟ್ಟರೆ ಅದರ ಹೆಸರು ನೂಪುಟ್ಟು. ಸುಳ್ಯದ ರಬ್ಬರ್ ತೋಟಗಳಿಗೆ ಶ್ರೀಲಂಕಾದಿಂದ ಬಂದು ನೆಲೆಸಿದ ತಮಿಳು ಕುಟುಂಬಗಳ ಬಾಯಲ್ಲಿ ಇಡಿಯಪ್ಪ. ಎಳೆ ಒಂದೇ, ಹೆಸರು ಮೂರು!

ಕಡಬದ ಕಡೆ ಹೋಗಿ. ಕೇರಳದಿಂದ ಬಂದು ಕೃಷಿ ಮಾಡಿದ ಕುಟುಂಬಗಳ ಮನೆಯಲ್ಲಿ ಮರಗೆಣಸು ಬೇಯುತ್ತಿರುತ್ತದೆ. ಬೆಂದ ನೀರನ್ನು ಅವರು ಚೆಲ್ಲುತ್ತಾರೆ. ಯಾಕೆ ಗೊತ್ತೇ? ಹಸಿ ಗೆಣಸಿನಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇದೆ! ಬೇಯಿಸಿ ನೀರು ಬಸಿದರೆ ಗೆಣಸು ಹೊಟ್ಟೆ ತಂಪು ಮಾಡುವ ಊಟ.

ಬೆಂಕಿ ಇಲ್ಲದ ಒಲೆ

ನಮ್ಮ ಕಡೆಯ ಡೆಮೊಗಳಲ್ಲಿ ಎಲ್ಲರೂ ಬಾಯಿ ಬಿಟ್ಟು ನೋಡುವ ಪಾತ್ರೆ ಯಾವುದು? ಥರ್ಮಲ್ ರೈಸ್ ಕುಕ್ಕರ್. ಕುಚ್ಚಲಕ್ಕಿಯನ್ನು ಸ್ವಲ್ಪ ಹೊತ್ತು ಕುದಿಸಿ ಆ ಡಬ್ಬಿಯೊಳಗಿಟ್ಟು ಮುಚ್ಚುತ್ತಾರೆ. ಅಡಿಯಲ್ಲಿ ಬೆಂಕಿ ಇಲ್ಲ, ಕರೆಂಟ್ ಇಲ್ಲ. ಗಂಟೆ ಕಳೆದು ತೆಗೆದರೆ ಅನ್ನ ಅರಳಿದೆ!

ಇದರ ಅಜ್ಜನೂ ಒಬ್ಬನಿದ್ದಾನೆ. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ನಾರ್ವೆಯವರು ತಾನೇ ಬೇಯಿಸುವ ಪೆಟ್ಟಿಗೆ ತೋರಿಸಿದರು. ಮುಂದೆ ಯುರೋಪಿನ ಮನೆಗಳಲ್ಲಿ ಒಣಹುಲ್ಲು ತುಂಬಿದ ಪೆಟ್ಟಿಗೆಗಳೇ ಆ ಕೆಲಸ ಮಾಡಿದವು. ದನಕ್ಕೆ ಹಾಕುವ ಹುಲ್ಲು ಅಡುಗೆಯನ್ನೂ ಬೇಯಿಸಿತು!

ಹಿಂದೆ ನಮ್ಮ ಅಂಗಳದಲ್ಲೂ ಪಾತ್ರೆಗಳ ಕೂಟ ನಡೆಯುತ್ತಿತ್ತು. ಕಲಾಯಿಯವರು ಬಂದರೆ ಅಕ್ಕಪಕ್ಕದ ಮನೆಯ ತಾಮ್ರ, ಹಿತ್ತಾಳೆಯೆಲ್ಲ ಒಂದೇ ಕಡೆ ರಾಶಿ! ತಿದಿ ಊದಿ, ನವಸಾಗರ ಹಾಕಿ, ತವರ ಸವರಿದರೆ ಹಳೆಯ ಚರಿಗೆಯೊಳಗೆ ಬೆಳ್ಳಿ ಬೆಳಕು. ತವರ 232 ಡಿಗ್ರಿಗೇ ಕರಗುತ್ತದೆ, ಕೆಂಡದ ಕಾವೇ ಸಾಕು. ಮಕ್ಕಳಿಗೆ ಅದೇ ಜಾದೂ!

ಹಲಸು, ಬಾಳೆ, ಚಾಕೊಲೇಟು

ಮರದಲ್ಲಿ ಬಿಡುವ ಹಣ್ಣುಗಳಲ್ಲಿ ಜಗತ್ತಿಗೇ ದೊಡ್ಡದು ನಮ್ಮ ಹಿತ್ತಲಿನ ಹಲಸು! ಅದರ ಒಂದೊಂದು ಸೊಳೆಯೂ ಒಂದೊಂದು ಹೂವಿನಿಂದ ಆದದ್ದು. ನಡುವಿನ ನಾರೆಲ್ಲ ಕಾಯಿ ಕಟ್ಟದ ಹೂವುಗಳು. ನೀವು ತಿನ್ನುವುದು ಹಣ್ಣಲ್ಲ, ಹಣ್ಣುಗಳ ಜಾತ್ರೆ!

ಈ ಊರಲ್ಲಿ ಮಳೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್. ಆಟಿ ತಿಂಗಳಲ್ಲಿ ಹಿತ್ತಲಿನ ತರಕಾರಿ ಕಷ್ಟ. ಅದಕ್ಕೇ ಬೇಸಗೆಯಲ್ಲೇ ಹಲಸಿನ ಸೊಳೆ ಉಪ್ಪಿನಲ್ಲಿ ಮುಳುಗುತ್ತದೆ. ಫ್ರಿಜ್ ಬೇಡ, ಕರೆಂಟ್ ಬೇಡ. ತಿಂಗಳುಗಟ್ಟಲೆ ಕೆಡುವುದಿಲ್ಲ! ಮಳೆ ಸುರಿಯುವಾಗ ಅದೇ ಉಪ್ಪುಸೊಳೆ ರೊಟ್ಟಿಯಾಗುತ್ತದೆ, ಉಂಡ್ಲಕಾಳಾಗುತ್ತದೆ, ಪಲ್ಯವೂ ಆಗುತ್ತದೆ.

ಹಲಸಿನ ಹಪ್ಪಳವೂ ಕೂಟದ ಅಡುಗೆಯೇ. ಬೇಯಿಸುವವರು ಒಬ್ಬರು, ಗುದ್ದುವವರು ಒಬ್ಬರು, ಒತ್ತುವವರು, ಬಿಸಿಲಿಗೆ ಹರಡುವವರು ಬೇರೆ. ಹೊಸ ಸೊಸೆ ಪುಸ್ತಕ ಓದಿ ಕಲಿತದ್ದಲ್ಲ, ಪಕ್ಕದಲ್ಲಿ ಕೂತು ಕಲಿತದ್ದು. ಪಾತ್ರೆ ಕಂಪನಿಗಳು ಬರುವ ಮೊದಲೇ ನಮ್ಮಲ್ಲಿ ಡೆಮೊ ಇತ್ತು!

ಅಡಿಕೆಯದೇ ಹೆಸರಿನ ಒಂದು ಪತ್ರಿಕೆ ಇದೆ ಗೊತ್ತೇ? ಪುತ್ತೂರಿನ ‘ಅಡಿಕೆ ಪತ್ರಿಕೆ’, 1988ರಿಂದ. ಕೃಷಿಕರೇ ಬರೆಯುವ ಪತ್ರಿಕೆ ಅದು. ಹೆಸರು ಅಡಿಕೆಯದು, ಆದರೆ ಹಲಸಿನ ಪರವಾಗಿ ಅದು ಬರೆದಷ್ಟು ಬರೆದವರು ಕಡಿಮೆ!

2021ರಲ್ಲಿ ಆ ಪತ್ರಿಕೆಯ ಶ್ರೀಪಡ್ರೆಯವರು ಒಂದು ಹುಡಿಯ ಬೆನ್ನು ಹತ್ತಿದರು. ಬಾಳೆಕಾಯಿ ಹುಡಿ. ಪ್ರೀತಿಯ ಅಡ್ಡಹೆಸರು ‘ಬಾಕಾಹು’! ಕೊರೋನಾ ಕಾಲ. ಬಾಳೆಗೆ ಬೆಲೆ ಇಲ್ಲ. ಯಾರೂ ಯಾರ ಮನೆಗೂ ಹೋಗುವಂತಿಲ್ಲ. ಆಗ ಡೆಮೊ ವಾಟ್ಸಾಪಿಗೇ ಬಂತು! ಒಬ್ಬರು ಹುಡಿ ಮಾಡಿದ ಬಗೆ ಹಾಕಿದರು. ಇನ್ನೊಬ್ಬರು ಅದರ ದೋಸೆ ಮಾಡಿ ಚಿತ್ರ ಹಾಕಿದರು. ಮತ್ತೊಬ್ಬರು ಗುಲಾಬ್ ಜಾಮೂನು!

ಆ ಹುಡಿಯ ಪರಿಮಳ ಎಲ್ಲಿಯ ತನಕ ಹೋಯಿತು ಗೊತ್ತೇ? 2021ರ ಜುಲೈ 25ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರೇ ದಕ್ಷಿಣ ಕನ್ನಡ, ಉತ್ತರ ಕನ್ನಡದ ಬಾಳೆಕಾಯಿ ಹುಡಿಯ ಮಾತೆತ್ತಿದರು. ಅಡುಗೆಮನೆಯ ಮೊಬೈಲಿನಿಂದ ದೇಶದ ರೇಡಿಯೋಗೆ!

ಇನ್ನು ಸಿಹಿಗೆ ಬನ್ನಿ. ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಇದೆ. ಕೃಷಿಕರದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಶುರು ಮಾಡಿದ್ದು. ಅಡಿಕೆ ಮರದ ನೆರಳಲ್ಲಿ ಬೆಳೆದ ಕೊಕ್ಕೋ ಅಲ್ಲಿ ಚಾಕೊಲೇಟ್ ಆಗುತ್ತದೆ. ಕಂಗಿನ ತೋಟದ ಮಿಠಾಯಿ!

ಅದೇ 1986ರಲ್ಲಿ ಪುತ್ತೂರಿಗೆ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರವೂ ಬಂತು. ಒಂದೇ ವರ್ಷ, ಒಂದೇ ಊರು, ಚಾಕೊಲೇಟೂ ಗೇರುಬೀಜವೂ. ಎಂಥ ಜೋಡಿ!

ಚಾಕೊಲೇಟ್ ಬಾಯಲ್ಲಿಟ್ಟರೆ ಕರಗುವುದು ಯಾಕೆ? ಕೊಕ್ಕೋ ಬೆಣ್ಣೆ ಕರಗುವ ಬಿಸಿ ನಮ್ಮ ಮೈಯ ಬಿಸಿಗಿಂತ ಸ್ವಲ್ಪವೇ ಕಡಿಮೆ. ಅದನ್ನು ನೇರ ಉರಿಯಲ್ಲಿಟ್ಟರೆ ಸೀದು ಹೋಗುತ್ತದೆ. ಕುದಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ನಿಮ್ಮ ನಾಲಿಗೆಯೇ ಅದಕ್ಕೆ ಅತ್ಯುತ್ತಮ ಒಲೆ!

ಮಾಡಿದ್ದನ್ನು ಬಡಿಸಲು ತಟ್ಟೆ ಬೇಕಲ್ಲ? ಅಡಿಕೆ ಮರ ಅದನ್ನೂ ಕೊಡುತ್ತದೆ. ತಾನಾಗಿ ಬಿದ್ದ ಹಾಳೆಯನ್ನು ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಅಂಟು ಇಲ್ಲ, ಬಣ್ಣ ಇಲ್ಲ. ಅದೇ ಹಾಳೆ ತಲೆಗೇರಿದರೆ ಮುಟ್ಟಾಳೆ!

ಕೊನೆಗೊಂದು ಡಬ್ಬಿ

ನಮ್ಮ ಕಡೆ ಯಾವ ಕೂಟಕ್ಕೆ ಹೋದರೂ ಹೊರಡುವಾಗ ಒಂದು ಮಾತು ಬಂದೇ ಬರುತ್ತದೆ. ‘ಮನೆಯವರಿಗೂ ಸ್ವಲ್ಪ ತಕೊಂಡು ಹೋಗಿ ಅಕ್ಕಾ.’ ಪುಟ್ಟ ಡಬ್ಬಿಯೊಂದು ಕೈಗೆ ಬರುತ್ತದೆ. ಪಾತ್ರೆಯ ಬಗ್ಗೆ ಎಷ್ಟು ಹೊತ್ತು ಮಾತಾಡಿದರೂ ಆಗದ ಕೆಲಸವನ್ನು ಆ ಡಬ್ಬಿ ಮಾಡುತ್ತದೆ!

ಈಗ 1682ರ ಲಂಡನ್ನಿಗೆ ಇನ್ನೊಮ್ಮೆ ಹೋಗೋಣ. ಪಾಪಿನ್ ಅವರ ಆ ಊಟದಲ್ಲಿ ಮೂಳೆಯಿಂದ ತೆಗೆದ ರುಚಿಯಾದ ಜೆಲ್ಲಿಯೂ ಇತ್ತು. ಊಟ ಮೆಚ್ಚಿದ ಜಾನ್ ಎವೆಲಿನ್ ಅದನ್ನು ತಾವೊಬ್ಬರೇ ಸವಿದು ಸುಮ್ಮನಾಗಲಿಲ್ಲ.

ಅವರೇನು ಮಾಡಿದರು ಗೊತ್ತೇ? ಒಂದು ಗ್ಲಾಸ್ ತುಂಬ ಆ ಜೆಲ್ಲಿಯನ್ನು ಮನೆಯಲ್ಲಿದ್ದ ಹೆಂಡತಿಗೆ ಕಳಿಸಿಕೊಟ್ಟರು!